ಕಿತ್ತಳೆ ಬಣ್ಣದ ಬೆಂಡುಗಳು

ಬಾರು ಕಿತ್ತ ಹವಾಯಿ ಚಪ್ಪಲಿಯನ್ನು ಎಸೆಯಲು ನನ್ನ ಕೈ ಬರುವುದಿಲ್ಲ. ತೊಳೆದು, ಗೋಡೆಗೆ ಆನಿಸಿ ಒಣಗಿಸಿ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿರುವ ಗೋಣಿಚೀಲಕ್ಕೆ ಹಾಕುತ್ತೇನೆ. ಶಿರಸಿಯ ನಮ್ಮ ಬಾಡಿಗೆ ಮನೆಯಲ್ಲಿ ಇಂಥ ಒಂದು ಚೀಲ ತುಂಬಿ ಎರಡನೆಯದು ಅರ್ಧವಾಗಿದೆ. ಅದರಲ್ಲಿ ನೆರೆಮನೆಯವರ ಚಪ್ಪಲಿಗಳೂ ಇವೆ ಎಂದು ಹೇಳಿಕೊಳ್ಳಲು ನಾಚಿಕೆ. ಆದರೆ ಸುಳ್ಳು ಹೇಳಿ ಏನು ಮಾಡಲಿ, ಕಸದ ಗಾಡಿ ಬರುವ ಮೊದಲು ಅವರ ಬುಟ್ಟಿಯಿಂದ ನಾನೇ ಎತ್ತಿಕೊಂಡದ್ದು. ಬಿ.ಎ., ಬಿ.ಎಡ್. ಆದ ಹೈಸ್ಕೂಲಿನ ಕನ್ನಡ ಮೇಡಂ ಪರರ ಕಸಕ್ಕೆ ಕೈ ಹಾಕಿದ್ದನ್ನು ಎಂಟನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ನೋಡಿದಳು. ನೋಡಿ ಸುಮ್ಮನೆ ಹೋಗಬಾರದೇ? ನಿಂತು 'ನಮಸ್ತೆ ಮೇಡಂ' ಎಂದಳು.

ನನ್ನ ಗಂಡ ಎಲೆಕ್ಟ್ರಿಕ್ ಕೆಲಸದವರು, ಮಾತು ಕಡಿಮೆ. ಆ ಚೀಲದ ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಾರೆ. "ಅಂಗಡಿ ಯಾವಾಗ ಶುರು ಮಾಡ್ತೀಯೆ? ಹೇಳು, ಬೋರ್ಡಿಗೆ ಲೈಟು ನಾನೇ ಹಾಕಿಕೊಡ್ತೇನೆ" ಎನ್ನುತ್ತಾರೆ. ನಾನು ನಗುತ್ತೇನೆ. ಚೀಲ ಮಾತ್ರ ಅಲ್ಲಿಯೇ ಇರುತ್ತದೆ.

ನಾನು ಹುಟ್ಟಿದ ಮನೆಯಲ್ಲಿ ಹವಾಯಿ ಚಪ್ಪಲಿ ಕಾಲಿಗಿಂತ ಹೆಚ್ಚು ಕಾಲ ಬಲೆಯಲ್ಲಿ ಇರುತ್ತಿತ್ತು. ಬನವಾಸಿಯಿಂದ ಆಚೆ ಒಂದು ದೊಡ್ಡ ಕೆರೆ, ಅದರ ಏರಿಯ ಕೆಳಗೆ ನಮ್ಮ ಕೇರಿ. ಅಪ್ಪ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ, ಅವ್ವ ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದಳು. ಬಲೆ ನೀರಿನಲ್ಲಿ ನೆಟ್ಟಗೆ ನಿಲ್ಲಬೇಕಾದರೆ ಕೆಳಗಿನ ಅಂಚಿಗೆ ಭಾರ ಬೇಕು, ಮೇಲಿನ ಅಂಚಿಗೆ ತೇಲುವಂಥದ್ದು ಏನಾದರೂ ಬೇಕು. ಆ ತೇಲುವುದಕ್ಕೆ ಬೆಂಡು ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುತ್ತದೆ, ಆದರೆ ಚಪ್ಪಲಿಯ ಅಟ್ಟೆಯಿಂದ ಪುಕ್ಕಟೆಯಾಗಿ ಎಂಟು ಬೆಂಡು ಬರುವಾಗ ಅಂಗಡಿಗೆ ಯಾರು ಹೋಗುತ್ತಾರೆ? ನೀಲಿ ಅಟ್ಟೆ, ಹಸಿರು ಅಟ್ಟೆ, ಊರಗೌಡರ ಮನೆಯ ದಪ್ಪ ಬಿಳಿ ಅಟ್ಟೆ. ಬಲೆ ಬಿಟ್ಟ ಮೇಲೆ ಕೆರೆಯ ಮೇಲೆ ಊರಿನವರೆಲ್ಲರ ಕಾಲುಗಳು ಸಾಲಾಗಿ ತೇಲುತ್ತಿದ್ದವು. ಯಾರದು ಯಾವುದು ಎಂದು ನಾನು ದಂಡೆಯಿಂದಲೇ ಹೇಳುತ್ತಿದ್ದೆ.

ನಮ್ಮದು ದೋಣಿ ಎಂದರೆ ದೋಣಿಯಲ್ಲ, ತೆಪ್ಪ. ಬಿದಿರು ಹೆಣೆದ ದೊಡ್ಡ ಗುಂಡು ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಬೇಸಿಗೆಯಲ್ಲಿ ಟಾರು ಬಳಿಯುವ ದಿನ ನಮ್ಮ ಅಂಗಳದ ವಾಸನೆ ರಸ್ತೆಯತನಕ ಹೋಗುತ್ತಿತ್ತು. ಇಬ್ಬರು ಕೂರುವ ಬುಟ್ಟಿ ಅದು. ಒಬ್ಬರು ಹುಟ್ಟು ಹಾಕಬೇಕು, ಒಬ್ಬರು ಬಲೆ ಬಿಡಬೇಕು. ರಜೆಯ ದಿನಗಳಲ್ಲಿ ಹುಟ್ಟು ನನ್ನದು. ಹೊಸಬರು ಹುಟ್ಟು ಹಾಕಿದರೆ ತೆಪ್ಪ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ನಾನು ಒಂದು ಇಡೀ ದಸರಾ ರಜೆ ತಿರುಗಿದ್ದೇನೆ. ಅದಕ್ಕಿಂತ ಮೊದಲು ಅಪ್ಪ ನನಗೆ ಕಲಿಸಿದ್ದು ಕೂರುವುದನ್ನು.

"ಕುಂಡಿ ಎತ್ತಬ್ಯಾಡ. ಹಾವು ಬಂದ್ರೂ ಎತ್ತಬ್ಯಾಡ" ಎನ್ನುತ್ತಿದ್ದ.

"ಹಾವು ಕಡಿದ್ರ?"

"ಕಡಿಸ್ಕೊಂಡು ಕುಂಡ್ರು. ಹಾವಿಗೆ ಔಷಧ ಐತಿ."

ಹೀಗೆ ಕೂರುವುದರಲ್ಲಿ ಪಡೆದದ್ದೇ ನನ್ನ ಮೊದಲ ಪದವಿ. ಎರಡನೆಯದನ್ನು ಶಿರಸಿಯ ಕಾಲೇಜಿನಲ್ಲಿ ಪಡೆದೆ. ನಮ್ಮ ಮನೆತನದಲ್ಲಿ, ನಮ್ಮ ಕೇರಿಯಲ್ಲಿ, ಡಿಗ್ರಿ ಎಂಬುದನ್ನು ಕೈಯಲ್ಲಿ ಹಿಡಿದವಳು ನಾನೇ ಮೊದಲು. ಇದನ್ನು ಹೇಳುವಾಗ ಸಂಕೋಚಪಡಬೇಕು ಎಂದು ಕೆಲವರು ಹೇಳುತ್ತಾರೆ, ನನಗೆ ಬರುವುದಿಲ್ಲ. ಹಾಸ್ಟೆಲಿನಲ್ಲಿ ಯಲ್ಲಾಪುರ ಕಡೆಯ ಹುಡುಗಿಯೊಬ್ಬಳು ನನ್ನ ಚೀಲ ಮೀನು ನಾರುತ್ತದೆ ಎಂದು ಮಂಚ ಬದಲಾಯಿಸಿಕೊಂಡಳು. ನಾನು ಚೀಲಕ್ಕೆ ನಿಂಬೆಹಣ್ಣು ತಿಕ್ಕಿ ತಿಕ್ಕಿ ಓದಿದೆ. ಅಪ್ಪ ಮಾತ್ರ ಆ ದಿನಗಳಿಂದಲೇ ಮೀನು ಕೊಳ್ಳಲು ಬಂದವರಿಗೆಲ್ಲ ನನ್ನನ್ನು "ನಮ್ಮ ಬಿ.ಎ." ಎಂದು ತೋರಿಸುತ್ತಿದ್ದ. ಆಗ ನಾನಿನ್ನೂ ಮೊದಲನೇ ವರ್ಷ, ಇಂಗ್ಲಿಷಿನಲ್ಲಿ ನಪಾಸಾಗಿದ್ದೆ.

ಕೆಲಸ ಸಿಕ್ಕ ಮೊದಲ ವರ್ಷ ಮೀನುಗಾರಿಕೆ ಇಲಾಖೆಯವರು ಮೀನು ಹಿಡಿಯುವವರಿಗೆ ಜೀವರಕ್ಷಕ ಜಾಕೀಟು ಕೊಡುತ್ತಾರೆ ಎಂಬ ಸುದ್ದಿ ಬಂತು. ಅರ್ಜಿ ನಾನೇ ಬರೆದೆ. ಎರಡು ಪುಟ. 'ಬಡ ಮೀನುಗಾರನಾದ ನನ್ನ ತಂದೆಯ ಅಮೂಲ್ಯ ಜೀವದ ರಕ್ಷಣೆಯ ಹೊಣೆಯನ್ನು ತಾವು ಹೊರಬೇಕಾಗಿ' ಎಂದೆಲ್ಲ ಬರೆದಿದ್ದೆ. ಅವರ ಕಚೇರಿಯ ಗುಮಾಸ್ತ ಓದಿ, "ಅಲ್ರಿ ಮೇಡಂ, ಹೆಸರು, ಊರು ಬರೆದ್ರೆ ಸಾಕಿತ್ರೀ" ಎಂದ. ಒಂದು ತಿಂಗಳಿಗೆ ಜಾಕೀಟು ಬಂತು, ಕಿತ್ತಳೆ ಬಣ್ಣದ್ದು, ಕಪ್ಪು ಪಟ್ಟಿ, ಮೂರು ಕಡೆ ಕೊಂಡಿ. ಅಪ್ಪ ಅದನ್ನು ಬಂದ ಪ್ಲಾಸ್ಟಿಕ್ ಚೀಲದ ಸಮೇತ ಗೂಟಕ್ಕೆ ನೇತುಹಾಕಿದ. ಹೊಸದು, ನೀರಿಗೆ ಹಾಕಿದರೆ ಬಣ್ಣ ಹೋಗುತ್ತದೆ ಎಂಬುದು ಅವನ ಲೆಕ್ಕ. ಮನೆಗೆ ಬಂದವರು ಕೇಳಿದರೆ ಇಳಿಸಿ ತೋರಿಸುತ್ತಿದ್ದ. "ನಮ್ಮ ಬಿ.ಎ. ಅರ್ಜಿ ಬರದು ತರ್ಸಿದ್ದು" ಎಂದು ಮತ್ತೆ ನೇತುಹಾಕುತ್ತಿದ್ದ.

ಈಜು ಬರುವವನಿಗೆ ಜಾಕೀಟು ಯಾಕೆ ಎಂದು ನಮ್ಮ ಕೇರಿಯಲ್ಲಿ ಎಲ್ಲರೂ ಕೇಳುತ್ತಾರೆ. ನಾನೂ ಆಗ ಕೇಳುತ್ತಿದ್ದವಳೇ.

ಆ ಬೇಸಿಗೆ ರಜೆಗೆ ಊರಿಗೆ ಹೋದಾಗ ಅಪ್ಪ ಹೊಸ ಬಲೆ ತಂದು, ಬೆಂಡಿಲ್ಲದೆ ಕೂತಿದ್ದ. ಚಪ್ಪಲಿಗಳೂ ಮೊದಲಿನಂತೆ ಇರಲಿಲ್ಲ. ಈಗಿನ ಅಟ್ಟೆಗಳು ನೀರು ಕುಡಿದು ಮುಳುಗುತ್ತವೆ, ಥರ್ಮಾಕೋಲು ಪುಡಿಯಾಗುತ್ತದೆ. ಅವ್ವ ಸಂತೆಗೆ ಹೋಗಿದ್ದಳು. ನಾನು ಗೂಟದ ಕಡೆ ನೋಡಿದೆ.

"ಇದನ್ನ ನೀ ಹ್ಯಾಂಗೂ ಹಾಕ್ಕೊಳ್ಳೂದಿಲ್ಲ" ಎಂದೆ.

"ಅದು ಬ್ಯಾಡವಾ. ನೀ ಕಷ್ಟಪಟ್ಟು ತರ್ಸಿದ್ದು" ಎಂದ ಅಪ್ಪ.

"ಗೂಟದ ಮ್ಯಾಲ ಇದ್ದು ಯಾರ ಜೀವ ಉಳಸತೈತಿ? ಬೆಂಡರ ಆಗ್ಲಿ."

ಅಪ್ಪ ಇಳಿಸಿ ಕೊಟ್ಟ. ನಾನು ಹೊಲಿಗೆ ಬಿಚ್ಚಿ ಒಳಗಿನ ದಪ್ಪ ಫೋಮು ತೆಗೆದೆ. ಸ್ಕೇಲು ಇಟ್ಟು, ಪೆನ್ನಿನಲ್ಲಿ ಗೆರೆ ಎಳೆದು, ಬ್ಲೇಡಿನಿಂದ ಚೌಕ ಚೌಕ ಮಾಡಿದೆ. ಫೋಮು ಸವೆಯಬಾರದೆಂದು ಆ ಕಿತ್ತಳೆ ಬಟ್ಟೆಯನ್ನೇ ಅಳತೆಗೆ ಕತ್ತರಿಸಿ ಸುತ್ತಲೂ ಹೊಲಿದೆ. ಅಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಬಲೆಗೆ ಕಟ್ಟುತ್ತ ಹೋದ. "ಓದಿದವರ ಕೈ ಬ್ಯಾರೇನ ನೋಡು, ಎಲ್ಲಾ ಒಂದ ಅಳತಿ" ಎಂದ. ಅಂದು ನಾವಿಬ್ಬರೂ ಬಹಳ ಸಂತೋಷವಾಗಿದ್ದೆವು. ಇದನ್ನೂ ಬರೆಯಬೇಕು.

ಸಂಜೆ ಅವ್ವ ಬಂದವಳು ಖಾಲಿ ಗೂಟ ನೋಡಿದಳು. ಬಲೆ ನೋಡಿದಳು. "ಯಾರು ಕತ್ತರ್ಸಿದ್ದು ಇದನ್ನ?" ಎಂದಳು.

ನಾನು ಬಾಯಿ ತೆಗೆಯುವ ಮೊದಲೇ ಅಪ್ಪ, "ನಾನ" ಎಂದ.

"ಬುದ್ಧಿ ಐತೇನ್ ನಿಂಗ? ಮಗಳು ಓಡಾಡಿ ತಂದದ್ದು."

"ಬೆಂಡಿರಲಿಲ್ಲ, ಕತ್ತರ್ಸಿದೆ. ಏನೀಗ?"

ಅವ್ವನ ಬಾಯಿ ಜೋರು. ನನಗೆ ಬೈಗಳು ಬೀಳಬಾರದೆಂದು ಅವನು ತಲೆ ಕೊಟ್ಟ. ಅವ್ವನ ಬೆನ್ನ ಹಿಂದೆ ನನ್ನತ್ತ ನೋಡಿ ಹುಬ್ಬು ಹಾರಿಸಿದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಮರುದಿನ ಕೆರೆಯ ಮೇಲೆ ಕಿತ್ತಳೆ ಬಣ್ಣದ ಸಾಲು ಎಷ್ಟು ಚೆಂದ ಕಾಣಿಸಿತೆಂದರೆ, ಫೋಟೋ ತೆಗೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದೆ. ಸ್ಟಾಫ್ ರೂಮಿನವರೆಲ್ಲ ಮೆಚ್ಚಿದರು.

ಮುಂದಿನ ಬೇಸಿಗೆಯ ಕೊನೆಗೆ, ಮಳೆಗೆ ಇನ್ನೂ ವಾರವಿದೆ ಎನ್ನುವಾಗ, ಅಪ್ಪ ಒಬ್ಬನೇ ಕೆರೆಗೆ ಹೋದ. ಅವನ ಜೊತೆಗೆ ಹುಟ್ಟು ಹಾಕುತ್ತಿದ್ದ ಫಕೀರಪ್ಪ ಮಾವ ಹಾನಗಲ್ಲಿಗೆ ಮದುವೆಗೆ ಹೋಗಿದ್ದ. ಒಬ್ಬನೇ ತೆಪ್ಪ ಬಿಡಬಾರದು ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲವೇ? ನನಗೆ ಕಲಿಸಿದವನೇ ಅವನು. ಆ ಹೊತ್ತಿನಲ್ಲಿ, ಮಧ್ಯಾಹ್ನದ ಮೇಲೆ, ಗಾಳಿ ಏಳುತ್ತದೆ ಎಂಬುದೂ ಗೊತ್ತಿತ್ತು. ಬಲೆ ಎತ್ತಿ ಬಂದರಾಯಿತು, ಅರ್ಧ ತಾಸಿನ ಕೆಲಸ ಎಂದುಕೊಂಡಿರಬೇಕು. ಅವ್ವನಿಗೆ ಹೇಳಲಿಲ್ಲ. ಅವನು ಚಹಾದಂಗಡಿಯಲ್ಲಿ ಇದ್ದಾನೆ ಎಂದು ಅವ್ವ, ಮನೆಯಲ್ಲಿ ಮಲಗಿದ್ದಾನೆ ಎಂದು ಚಹಾದಂಗಡಿಯವರು. ದೊಡ್ಡ ಗಾಳಿ ಬಂದು ಹೋಗಿ, ನಾಲ್ಕು ಹನಿ ಬಿದ್ದು, ಬಿಸಿಲು ಮರಳಿ ಬಂದ ಮೇಲೆ ಯಾರೋ ಏರಿಯ ಮೇಲಿಂದ ಮಗುಚಿದ ತೆಪ್ಪ ಕಂಡರು.

ನಾನೂ ನನ್ನ ಗಂಡನೂ ಬೈಕಿನಲ್ಲಿ ಹೋಗಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಏರಿಯ ತುಂಬ ಜನ. ಎರಡು ತೆಪ್ಪಗಳಲ್ಲಿ ಹುಡುಕುತ್ತಿದ್ದರು. ಬಲೆಯ ಬೆಂಡು ಯಾವಾಗಲೂ ಸಾಲಾಗಿ ನಿಲ್ಲಬೇಕು. ಅವತ್ತು ಸಾಲು ಇರಲಿಲ್ಲ. ಏರಿಯ ಮೇಲೆ ನನ್ನ ಪಕ್ಕದಲ್ಲಿ ನಿಂತಿದ್ದವರು ತೆಪ್ಪದವರಿಗೆ ಕೂಗಿದರು, "ಆ ಕಿತ್ತಳಿ ಬೆಂಡು ಎಲ್ಲಾ ಒಂದ ಕಡೆ ಅದಾವ ನೋಡ್ರಿ, ಅಲ್ಲಿ ನೋಡ್ರಿ."

ಅಲ್ಲೇ ಇದ್ದ. ಬಲೆ ಎರಡೂ ಕಾಲಿಗೆ ಸುತ್ತಿಕೊಂಡಿತ್ತು. ಎಂಥ ಈಜುಗಾರನಾದರೂ ಕಾಲು ಕಟ್ಟಿದರೆ ಕೈಯಿಂದ ಎಷ್ಟು ಹೊತ್ತು ತೇಲಬಲ್ಲ? ಮೈಮೇಲೆ ತೇಲುವಂಥದ್ದು ಏನಾದರೂ ಇದ್ದಿದ್ದರೆ ಯಾರಾದರೂ ಬರುವತನಕ ಮುಖ ನೀರಿನ ಮೇಲೆ ಇರುತ್ತಿತ್ತು. ಪೊಲೀಸಿನವರು ಇದನ್ನೇ ಹೇಳಿದರು, ಆಮೇಲೆ ಎಲ್ಲರೂ ಹೇಳಿದರು. ಅವ್ವ ಕೇಳಿಸಿಕೊಂಡಳು.

ಅಂದಿನಿಂದ ಅವ್ವ ಅವನನ್ನು ಬೈಯಲು ಶುರುಮಾಡಿದಳು. ಅಳುವಾಗಲೂ ಬೈಗಳ ನಡುವೆಯೇ ಅಳುತ್ತಿದ್ದಳು. "ಸರಕಾರ ಕೊಟ್ಟ ಜೀವಾನ ಕತ್ತರ್ಸಿ ಮೀನಿಗೆ ಕಟ್ಟಿದಾಂವ." ಮೀನು ಮಾರುವಾಗ ಗಿರಾಕಿಗಳ ಎದುರಿಗೂ ಇದೇ. ವರ್ಷದ ಎಡೆ ಇಡುವಾಗ, ಎಲೆಯ ಮೇಲೆ ಮೀನಿನ ಸಾರು ಬಡಿಸುತ್ತ, "ತಿನ್ನು. ನಿನ್ನ ಕೈಗೆ ಬ್ಲೇಡ್ ಕೊಟ್ಟಾವ್ರ್ಯಾರು? ಹೆಂಡ್ತಿ ಮಾತು ಬ್ಯಾಡ, ಮಗಳ ಕಷ್ಟ ಬ್ಯಾಡ, ಬೆಂಡು ಬೇಕಾತು ನಿಂಗ" ಎಂದಳು. ನೆಂಟರು ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಅನ್ನದ ಪಾತ್ರೆ ಹಿಡಿದು ನಿಂತಿದ್ದೆ. ಹೇಳಬೇಕಿತ್ತು. ಆ ನೆಂಟರ ನಡುವೆ ನಾನು ಓದಿದವಳು, ನೌಕರಿಯವಳು, ಅಪ್ಪನ ಬಿ.ಎ. ಅನ್ನ ಬಡಿಸಿಕೊಂಡು ಹೋದೆ.

ಅಷ್ಟರಲ್ಲಿ ಅವ್ವ ತಾನೇ ತೆಪ್ಪ ಬಿಡತೊಡಗಿದ್ದಳು. ಫಕೀರಪ್ಪ ಮಾವ ಆ ದಿನದ ನಂತರ ನೀರಿಗೆ ಇಳಿಯಲಿಲ್ಲ. ತಾನು ಮದುವೆಗೆ ಹೋಗಬಾರದಿತ್ತು ಎಂದು ಇವತ್ತಿಗೂ ಕಂಡಕಂಡವರಿಗೆ ಹೇಳುತ್ತಾನೆ. ಅವನಿಗೆ ಅಷ್ಟಾದರೂ ಬಾಯಿತ್ತು. ಅವ್ವನನ್ನು ಶಿರಸಿಗೆ ಕರೆತಂದರೆ ನಾಲ್ಕು ದಿನ ಇದ್ದು, "ನಿನ್ನ ನಳದಾಗ ಎಷ್ಟ್ ಹೊತ್ತು ಕೈ ತೊಳಕೊಂತ ಕುಂಡ್ರಲಿ" ಎಂದು ಬಸ್ಸು ಹತ್ತಿದಳು. ಹುಟ್ಟು ತಾನೇ, ಬಲೆ ತಾನೇ. ಜಾಕೀಟಿನ ಮಾತು ಎತ್ತಿದರೆ, "ನಿಮ್ಮಪ್ಪ ಅದರ ಹೆಸರು ಕೆಡಿಸಿಟ್ಟಾನ. ಅದು ನಮ್ಮನಿಗೆ ಆಗಿಬರೂದಿಲ್ಲ" ಎನ್ನುತ್ತಿದ್ದಳು. ಒಬ್ಬಳೇ ಕೆರೆಯ ನಡುವಿಗೆ ಹೋಗುತ್ತಾಳಂತೆ ಎಂದು ಊರವರು ನನಗೆ ಫೋನು ಮಾಡುತ್ತಿದ್ದರು. ಆ ಕೆರೆಯಿಂದ ಇನ್ನೊಂದು ಸುದ್ದಿ ಬರುತ್ತದೆ ಎಂದು ನಾನು ದಿನಾ ಕಾಯುತ್ತಿದ್ದೆ. ತಡೆಯಬೇಕಾದರೆ ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ನನ್ನ ಬಾಯಿಂದ ಹೊರಡಿಸಲು ಎರಡು ವರ್ಷ ಹಿಡಿಯಿತು.

ಹುಬ್ಬಳ್ಳಿಯಿಂದ ಹೊಸ ಜಾಕೀಟು ತರಿಸಿಕೊಂಡು ಒಂದು ಭಾನುವಾರ ಊರಿಗೆ ಹೋದೆ. ಅವ್ವ ಅಂಗಳದಲ್ಲಿ ಜಿಲೇಬಿ ಮೀನಿನ ಪೊರೆ ಕೆರೆಯುತ್ತ ಕೂತಿದ್ದಳು. ಜಾಕೀಟನ್ನು ಕಂಡವಳೇ ಮುಖ ತಿರುಗಿಸಿದಳು.

"ಮತ್ಯಾಕ ತಂದಿ? ಅಂವ ಕತ್ತರ್ಸಿದ್ದು ಸಾಲಲಿಲ್ಲೇನು, ನಾನೂ ಕತ್ತರಿಸ್ಲೇನು?"

"ಅಪ್ಪ ಕತ್ತರಿಸ್ಲಿಲ್ಲವಾ" ಎಂದೆ.

"ಮತ್ಯಾರು, ಇಲಿ ಕತ್ತರ್ಸಿತಾ?"

"ನಾನು. ಅಪ್ಪ ಬ್ಯಾಡಂದಿದ್ದ. ನಾನ ಗೂಟದಿಂದ ಇಳಿಸಂತ ಹೇಳಿ ಕತ್ತರ್ಸಿದೆ. ನೀ ಬೈತೀ ಅಂತ ಅಂವ ತನ್ನ ಮ್ಯಾಲ ಹಾಕ್ಕೊಂಡ."

ಅವ್ವನ ಕೈಯಲ್ಲಿದ್ದ ಮೀನು ಕೈಯಲ್ಲೇ ಉಳಿಯಿತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಲಭವಾಗುತ್ತಿತ್ತು. ಮೀನಿನ ಕಡೆಗೇ ನೋಡುತ್ತ, ಸಣ್ಣ ದನಿಯಲ್ಲಿ ಕೇಳಿದಳು.

"ಎಡಿ ಇಟ್ಟ ದಿನ ನೀ ಅಲ್ಲೇ ಇದ್ದಿ?"

"ಹೂಂ."

"ನಾ ಬೈಯೂದು ಕೇಳ್ಕೊಂತ ಇದ್ದಿ?"

"ಹೂಂ."

"ಕತ್ತರಿಸಿದ್ದು ಹೋಗ್ಲಿ, ಅದು ಬುದ್ಧಿ ಇಲ್ಲದ್ದು. ಎರಡ ವರ್ಷ ನನ್ನ ಬಾಯಿಲೆ ಅವನ್ನ ಬೈಸಿದಿ. ಸತ್ತಾಂವ ತಿರುಗಿ ಹೇಳ್ತಾನೇನು?"

ಕೈ ತೊಳೆದು ಎದ್ದು ಏರಿಯ ಕಡೆ ನಡೆದಳು. ನಾನು ಹಿಂದೆ ಹೋದೆ, ಹತ್ತಿರ ಹೋಗಲಿಲ್ಲ. ಅವ್ವ ನೀರಿನ ಅಂಚಿಗೆ ನಿಂತು, ಅಂಗಡಿಯವರೊಡನೆ ಮಾತಾಡುವ ದನಿಯಲ್ಲಿಯೇ, "ನೀ ಅಲ್ಲಂತ. ಮಗಳಂತ. ನಂಗ ಗೊತ್ತಿರಲಿಲ್ಲ. ತಪ್ಪಾತು" ಎಂದಳು. ಅಷ್ಟೇ. ತಿರುಗಿ ಬರುವಾಗ ನನ್ನ ಪಕ್ಕದಿಂದಲೇ ಹಾದುಹೋದಳು.

ಆ ದಿನ ಅವಳು ಮತ್ತೆ ಮಾತಾಡಲಿಲ್ಲ. ಊಟಕ್ಕೆ ತಟ್ಟೆ ಇಟ್ಟಳು, ಬಡಿಸಿದಳು. ಹೊರಡುವಾಗ ನಾನು ಅವಳ ಬೆನ್ನಿಗೆ ಹೇಳಿದೆ, "ಇದನ್ನ ಹಾಕ್ಕೊ. ನೀರಿಗೆ ಇಳಿಯೂಕಿಂತ ಮೊದಲ ನಂಗ ಒಂದ ಫೋನ್ ಮಾಡು, ದಂಡಿಗೆ ಬಂದ ಮ್ಯಾಲ ಒಂದ ಮಾಡು. ಮತ್ತೇನೂ ಬ್ಯಾಡ." ಕೊಂಡಿ ಹಾಕುವುದನ್ನು ಗೋಡೆಗೆ ತೋರಿಸಿದಂತೆ ತೋರಿಸಿ, ಜಾಕೀಟನ್ನು ಕಟ್ಟೆಯ ಮೇಲಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಬಂತು.

"ಹೊಂಟೆ."

"ಜಾಕೀಟು?"

"ಐತಿ." ಇಟ್ಟುಬಿಟ್ಟಳು. ಒಂಬತ್ತರ ಸುಮಾರಿಗೆ, "ಬಂದೆ."

ಅಂದಿನಿಂದ ಹೀಗೆಯೇ. ದಿನಕ್ಕೆ ಎರಡು ಮಾತು. ಹಬ್ಬಕ್ಕೆ ಬಾ ಎಂದಿಲ್ಲ, ಅಳಿಯ ಹೇಗಿದ್ದಾನೆ ಎಂದು ಕೇಳಿಲ್ಲ. ನಾನು ಹೋದರೆ ತಟ್ಟೆ ಇಡುತ್ತಾಳೆ. ಮೂರು ತಿಂಗಳು ಕಳೆದರೂ ಎರಡು ಮೂರಾಗಲಿಲ್ಲ. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ನಾನು ಬೇಡಿದ್ದು ಇಷ್ಟೇ ಆಗಿತ್ತು, ಅಳೆದು ಕೊಡುತ್ತಿದ್ದಾಳೆ.

ಎರಡನೆಯ ಫೋನು ಬರುವಾಗ ಶಾಲೆಯಲ್ಲಿ ಪ್ರಾರ್ಥನೆ, ಆಮೇಲೆ ಮೊದಲ ಪೀರಿಯಡ್. ತರಗತಿಗೆ ಮೊಬೈಲು ಒಯ್ಯಬಾರದು ಎಂಬ ನಿಯಮವಿದೆ. ನಾನು ಒಯ್ಯುತ್ತೇನೆ. ಸಿದ್ದಾಪುರ ಕಡೆಯ ನಮ್ಮ ದೊಡ್ಡ ಮೇಡಂ ಎರಡು ಸಲ ನೋಡಿ ಸುಮ್ಮನಿದ್ದು, ಮೂರನೆಯ ಸಲ ಕರೆದು ಕೇಳಿದರು. "ಎಂತದೇ ನಿಂದು? ಮಕ್ಕಳಿಗೆ ಬ್ಯಾಡ ಹೇಳಿ ನೀನೇ ನೋಡ್ತೆ." ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇಟ್ಕ. ಆನು ನೋಡಿದ್ನಿಲ್ಲೆ" ಎಂದರು, ತಾವು ಏನೂ ನೋಡಿಯೇ ಇಲ್ಲ ಎಂಬಂತೆ.

ಹೋದ ವಾರ ಒಂದು ದಿನ ಒಂಬತ್ತಾಯಿತು, ಫೋನು ಬರಲಿಲ್ಲ. ಒಂಬತ್ತೂವರೆ. ಪ್ರಾರ್ಥನೆಯಲ್ಲಿ ನಿಂತಿದ್ದೆ, ಬಾಯಿ ಆಡುತ್ತಿತ್ತು. ನಾನು ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ಫೋನನ್ನು ಅವಳು ದಂಡೆಯಲ್ಲಿ ಚಪ್ಪಲಿಯ ಅಡಿಗೆ ಇಟ್ಟು ಹೋಗುತ್ತಾಳೆ. ಹತ್ತಾಯಿತು. ಒಂಬತ್ತನೇ ತರಗತಿಗೆ ಹೋಗಿ ಪುಸ್ತಕ ತೆಗೆಯಲು ಹೇಳಿದೆ. ಯಾವ ಪಾಠ ಎಂದು ಕೇಳಿದರು, ನನಗೆ ನೆನಪಾಗಲಿಲ್ಲ. ಶಿರಸಿಯಲ್ಲಿ ಗಾಳಿ ಇತ್ತು. ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು, ಅದನ್ನೇ ನೋಡುತ್ತ ನಿಂತೆ. ಇಲ್ಲಿ ಇಷ್ಟಿದ್ದರೆ ಕೆರೆಯ ಬಯಲಿನಲ್ಲಿ ಎಷ್ಟಿರಬಹುದು? ನನ್ನ ಗಂಡನಿಗೆ ಬೈಕು ತರಲು ಹೇಳಬೇಕು ಎಂದು ಹೊರಗೆ ಬಂದೆ. ಆಗ ಕೈಯಲ್ಲಿದ್ದ ಫೋನು ನಡುಗಿತು.

"ಬಂದೆ."

ಇಡುತ್ತಾಳೆ ಎಂದು ಕಾದೆ. ಇಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು, ಅದರ ಹಿಂದೆ ಗಾಳಿಯೂ ಕೇಳಿಸುತ್ತಿತ್ತು.

"ನಸಿಕಿನ್ಯಾಗ ಭಾಳ ಗಾಳಿ ಇತ್ತು. ನಡುವ ಹೋಗ್ಲಿಲ್ಲ. ಕಡಿಮಿ ಆಗೂತನಾ ಆಚೀ ದಂಡಿಗೆ ಕುಂತಿದ್ದೆ" ಎಂದಳು. ಆಮೇಲೆ, "ಅದಕ್ಕ ತಡಾ ಆತು."

ನಾನು ಹೂಂ ಎಂದೆ. ಇಟ್ಟಳು.